ಮುದ್ದೇಮಾಲಿಗೆ ಬಂದ ರುಬ್ಬುಗಲ್ಲು

ನಾಸಿಕದ ಕೋರ್ಟಿನಲ್ಲಿ ನಾನು ಮುದ್ದೇಮಾಲು ಕಾರಕೂನನಾಗಿದ್ದೆ. ಮುದ್ದೇಮಾಲು ಎಂದರೆ ಪೊಲೀಸರು ಸಾಕ್ಷ್ಯಕ್ಕೆಂದು ಜಪ್ತಿ ಮಾಡಿ ಕೋರ್ಟಿಗೆ ತಂದೊಪ್ಪಿಸುವ ಸಾಮಾನು. ಕುಡಗೋಲು, ಸೈಕಲ್ಲು, ಕಳ್ಳಭಟ್ಟಿಯ ಡಬ್ಬಿ, ಯಾವುದೋ ತಮಾಷಾ ಮೇಳದ ಜರಿ ಪೇಟ, ಎಲ್ಲ ನನ್ನ ಕೋಣೆಯಲ್ಲಿದ್ದವು. ಅವಕ್ಕೆ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಬೀಗದೊಳಗಿಟ್ಟು, ವಿಚಾರಣೆಯ ದಿನ ಹೊರತಂದು ತೋರಿಸಿ, ಮತ್ತೆ ಒಳಗಿಡುವುದೇ ನನ್ನ ನೌಕರಿ.

ನಮ್ಮ ಮನೆತನ ಬೀದರ ಕಡೆಯದು. ಈಗ ಛತ್ರಪತಿ ಸಂಭಾಜಿನಗರ ಎನ್ನುವ, ಆಗ ಎಲ್ಲರ ಬಾಯಲ್ಲೂ ಔರಂಗಾಬಾದ್ ಆಗಿದ್ದ ಊರಿನಲ್ಲಿ ಅಪ್ಪನಿಗೆ ಬಟ್ಟೆ ಅಂಗಡಿ ಇತ್ತು. ನಾನು ಅಲ್ಲೇ ಬೆಳೆದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಮರಾಠಿ. ನಾಸಿಕದ ಕಚೇರಿಗೆ ಸೇರಿದಾಗ ಅಲ್ಲಿ ಕನ್ನಡ ಬರುವವನು ನಾನೊಬ್ಬನೇ. ಬಹಳ ದಿನ ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಕೋರ್ಟಿನ ವ್ಯವಸ್ಥೆ ಹೊರಗಿನವರಿಗೆ ಸುಲಭಕ್ಕೆ ಅರ್ಥವಾಗುವಂಥದ್ದಲ್ಲ. ನಮ್ಮ ಸಾಹೇಬರು ಬೆಳಗ್ಗೆ ಸಿವಿಲ್ ಜಡ್ಜ್. ಹೊಲದ ಬಾಂದು, ಬಾಡಿಗೆ ಮನೆ, ಪಾಲುಪಟ್ಟಿಯ ದಾವೆ ಕೇಳುತ್ತಿದ್ದರು. ಊಟ ಮುಗಿಸಿ ಬಂದು ಅದೇ ಕುರ್ಚಿಯಲ್ಲಿ ಕೂತರೆ ಮ್ಯಾಜಿಸ್ಟ್ರೇಟ್. ಕಳವು, ಹೊಡೆದಾಟ, ಜೂಜು ವಿಚಾರಿಸುತ್ತಿದ್ದರು. ಖೂನಿ, ದರೋಡೆಯಂಥ ದೊಡ್ಡ ಪ್ರಕರಣಗಳನ್ನು ಅವರು ಮೇಲಿನ ಸೆಷನ್ಸ್ ಕೋರ್ಟಿಗೆ ಕಳಿಸಿಬಿಡಬೇಕು. ಪಿಂಪಳಗಾಂವ್ ಬಸವಂತ್ ಕಡೆಯ ಒಬ್ಬ ಮುದುಕ, ಬೆಳಗಿನವರೂ ಮಧ್ಯಾಹ್ನದವರೂ ಅಣ್ಣತಮ್ಮಂದಿರೆಂದೇ ನಂಬಿದ್ದ. "ಧಾಕಟಾ ಬರಾ ಆಹೇ," ಚಿಕ್ಕವನು ಪರವಾಗಿಲ್ಲ, ಎಂದು ನನಗೊಮ್ಮೆ ಗುಟ್ಟಾಗಿ ಹೇಳಿದ್ದ. ಈ ಮುದುಕನ ಬಾಂದಿನ ದಾವೆ ನಾನು ನೌಕರಿಗೆ ಸೇರುವ ಮೊದಲಿನಿಂದ ನಡೆದಿತ್ತು. ಪಟ್ಟೇವಾಲಾ ಬಾಗಿಲಲ್ಲಿ ನಿಂತು ಅವನ ಹೆಸರು ಕೂಗುವುದು, ಅವನು ಓಡಿ ಬರುವುದು, ವಕೀಲರು ಮುಂದಿನ ತಾರೀಖು ಕೇಳುವುದು, ಅವನು ಈರುಳ್ಳಿ ಗಾಡಿ ಹತ್ತಿ ಊರಿಗೆ ಹೋಗುವುದು, ಇದು ಅವನಿಗೆ ಒಂದು ವ್ರತದಂತಾಗಿತ್ತು.

ಹೀಗಿರುವಾಗ ಒಂದು ದಿನ ಇಬ್ಬರು ಪೊಲೀಸರು ಕೈಗಾಡಿಯಲ್ಲಿ ಒಂದು ರುಬ್ಬುಗಲ್ಲು ತಂದರು.

ಅದರ ಹಿಂದಿನ ಕತೆ ಇಷ್ಟು. ಬಸ್ ಸ್ಟ್ಯಾಂಡಿನ ಹತ್ತಿರ ಕುಂದಾಪುರ ಕಡೆಯ ಇಬ್ಬರು ಸೇರಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಒಬ್ಬಾಕೆಯ ಮಗ ಒಬ್ಬ, ಆಕೆಯದೇ ಅಳಿಯ ಇನ್ನೊಬ್ಬ. ಇಬ್ಬರಿಗೂ ಸಾಂಬಾರಿನ ಮೇಲೆ ಜಗಳ ಹುಟ್ಟಿತು. ಈರುಳ್ಳಿ ಈ ಸೀಮೆಯಲ್ಲಿ ರಾಶಿ ರಾಶಿ ಬಿದ್ದಿರುತ್ತದೆ, ಗಿರಾಕಿಗಳೂ ಕೇಳುತ್ತಾರೆ, ಹಾಕೋಣ ಎಂದು ಅಳಿಯ. ತನ್ನ ತಂದೆಯ ಕಾಲದಿಂದ ಸಾಂಬಾರಿಗೆ ಈರುಳ್ಳಿ ಬಿದ್ದಿಲ್ಲ, ಬೀಳುವುದೂ ಇಲ್ಲ ಎಂದು ಮಗ. ಕೊನೆಗೆ ಅಳಿಯ ಬೇರೆಯಾಗಿ ಎದುರು ಸಾಲಿನಲ್ಲೇ ಇನ್ನೊಂದು ಹೋಟೆಲು ತೆರೆದ. ತೆರೆಯುವ ದಿನ ನಸುಕಿನಲ್ಲಿ ಹಳೆಯ ಹೋಟೆಲಿನ ಹಿತ್ತಲಿಂದ ರುಬ್ಬುಗಲ್ಲನ್ನು ಹೇರಿಸಿಕೊಂಡು ಹೋದ. ಮಗ ಪೊಲೀಸ್ ಠಾಣೆಗೆ ಹೋಗಿ ಕಳವಿನ ಫಿರ್ಯಾದಿ ಕೊಟ್ಟ. ಕಲ್ಲು ನನ್ನ ತಾಯಿಯದು, ಆದ್ದರಿಂದ ನನ್ನದು ಎಂದು ಮಗನ ವಾದ. ಹೆಂಡತಿಯ ತವರಿನದು, ಆದ್ದರಿಂದ ನನ್ನದು ಎಂದು ಅಳಿಯನ ವಾದ.

ಮುದ್ದೇಮಾಲು ಕೋಣೆ ಮಹಡಿಯ ಮೇಲಿತ್ತು. ಕಲ್ಲನ್ನು ಹತ್ತಿಸಲು ಪೊಲೀಸರು, ಪಟ್ಟೇವಾಲಾ, ನಾನು ಎಲ್ಲರೂ ಕೈಹಚ್ಚಿ ಮೊದಲ ಮೆಟ್ಟಿಲಲ್ಲೇ ಸೋತೆವು. ನನ್ನ ಮೇಲಧಿಕಾರಿ ನಾಜರ್ ಸಾಹೇಬರು ನಿಯಮದ ಮನುಷ್ಯ. "ವರಾಂಡದಾಗ ಇಡ್ರಿ. ಆದ್ರ ಮುದ್ದೇಮಾಲು ಕುಲುಪದಾಗ ಇರಬೇಕು," ಎಂದು ಮರಾಠಿಯಲ್ಲಿ ಅಪ್ಪಣೆ ಮಾಡಿದರು. ಕಲ್ಲಿಗೆ ಬೀಗ ಹಾಕುವುದು ಹೇಗೆ? ಒಂದು ಕಬ್ಬಿಣದ ಸರಪಳಿ ತರಿಸಿ ಕಲ್ಲಿಗೆ ಸುತ್ತಿ ಕಂಬಕ್ಕೆ ಬಿಗಿದು ಬೀಗ ಜಡಿದೆ. ಗುಂಡು ಬೇರೆಯಾಗಿ ಕಳೆದುಹೋಗಬಾರದೆಂದು ಕುಳಿಯಲ್ಲೇ ನೆಟ್ಟಗೆ ನಿಲ್ಲಿಸಿ, ಅದರ ನೆತ್ತಿಗೆ ಕೆಂಪು ಅರಗಿನ ಮುದ್ರೆ ಒತ್ತಿದೆ. ಪಕ್ಕದಲ್ಲಿ ಕಕ್ಷಿದಾರರಿಗೆಂದು ಎತ್ತರದ ಕಟ್ಟೆಯ ಮೇಲೆ ನೀರಿನ ಮಡಕೆ ಇತ್ತು. ಅದು ಮೊದಲಿಂದಲೂ ಸೋರುತ್ತಿತ್ತು. ಈಗ ಆ ಹನಿ ಸರಿಯಾಗಿ ಗುಂಡಿನ ನೆತ್ತಿಗೆ ಬೀಳತೊಡಗಿತು.

ನೀವೇ ಊಹಿಸಿಕೊಳ್ಳಿ. ಕರಿಕಲ್ಲಿನ ಪೀಠ, ನಡುವೆ ಎದ್ದು ನಿಂತ ನುಣುಪು ಗುಂಡು, ನೆತ್ತಿಯಲ್ಲಿ ಕೆಂಪು, ಮೈಸುತ್ತ ನಾಗರದಂಥ ಸರಪಳಿ, ಮೇಲಿಂದ ತೊಟ್ಟಿಕ್ಕುವ ನೀರು. ನಾನು ಸ್ವತಃ ಶೈವರ ಮನೆಯವನು, ಆದರೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಪಿಂಪಳಗಾಂವಿನ ಮುದುಕನಿಗೆ. ಕೋರ್ಟಿನವರು ಕೊನೆಗೂ ಮಹಾದೇವನನ್ನು ಕೂರಿಸಿದರಲ್ಲ ಎಂದು ಸಂತೋಷಪಟ್ಟು, ಆಚೆಯ ಗಿಡದಿಂದ ಒಂದು ಕಣಗಿಲೆ ಹೂ ಕಿತ್ತಿಟ್ಟು ಕೈಮುಗಿದ. ಅವತ್ತು ಎದುರು ಪಕ್ಷದ ವಕೀಲರು ಬರಲಿಲ್ಲ. ಸಾಹೇಬರಿಗೂ ಯಾಕೋ ಬೇಸರ ಬಂದಿತ್ತು. ಮುದುಕನ ದಾವೆ ಅವನ ಪರವಾಗಿ ತೀರ್ಮಾನವಾಗಿಬಿಟ್ಟಿತು.

ಮರುದಿನ ನಾನು ಕಚೇರಿಗೆ ಬಂದಾಗ ಕಲ್ಲಿನ ಮುಂದೆ ಊದಿನಕಡ್ಡಿ ಉರಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಬಿಲ್ವಪತ್ರೆ, ಭಸ್ಮ, ತೆಂಗಿನಕಾಯಿ ಎಲ್ಲ ಬಂದವು. ಜೂಜಿನವರು, ಜಾಮೀನಿಗೆ ನಿಂತವರು, ಸೊಸೆಯ ಮೇಲೆ ದೂರು ತಂದ ಅತ್ತೆಯರು, ಹೆಸರು ಕೂಗುವ ಮೊದಲು ಎಲ್ಲರೂ ಕಲ್ಲಿಗೆ ಒಂದು ಸುತ್ತು ಬರುವುದು ರೂಢಿಯಾಯಿತು. ಕಂಬ ಅಡ್ಡವಿದ್ದದ್ದರಿಂದ ಅರ್ಧ ಪ್ರದಕ್ಷಿಣೆ ಹಾಕಿ ತಿರುಗುತ್ತಿದ್ದರು. ಶಿವನಿಗೆ ಹಾಗೇ ಹಾಕಬೇಕಾದ್ದು, ನೋಡಿ, ಕೋರ್ಟಿನವರು ಅದನ್ನೂ ಯೋಚಿಸಿದ್ದಾರೆ ಎಂದು ಒಬ್ಬ ಹಿರಿಯರು ಮೆಚ್ಚಿಕೊಂಡರು.

ನಾನು ಹೆದರಿ ನಾಜರ್ ಸಾಹೇಬರಿಗೆ ತಿಳಿಸಿದೆ. ಅವರು ಜಪ್ತಿಯ ಪಂಚನಾಮೆ ತೆಗೆಸಿ ಓದಿದರು. "ಇದರಾಗ ಹೂವಿನ ಉಲ್ಲೇಖ ಇಲ್ಲ. ಪಂಚನಾಮೆದಾಗ ಇಲ್ಲದ್ದು ಮುದ್ದೇಮಾಲಿನ ಮ್ಯಾಲೆ ಇರಕೂಡದು. ದಿನಾ ಸಂಜಿಗೆ ತೆಗೀರಿ."

ದಿನಾ ಸಂಜೆ ತೆಗೆದೆ. ಕಸದ ಬುಟ್ಟಿಗೆ ಹಾಕಹೋದರೆ ಪಟ್ಟೇವಾಲಾ ನನ್ನ ಕೈ ಹಿಡಿದ. "ಸಾಹೇಬ್, ಇದು ನಿರ್ಮಾಲ್ಯ. ಗಂಗೆಗೇ ಬಿಡಬೇಕು." ನಾಸಿಕದವರಿಗೆ ಗೋದಾವರಿಯೇ ಗಂಗೆ. ಅಂದಿನಿಂದ ಸರಕಾರಿ ಸೈಕಲ್ಲಿನ ಹ್ಯಾಂಡಲಿಗೆ ಚೀಲ ತೂಗಿಸಿಕೊಂಡು ಅವನು ದಿನವೂ ಹೊಳೆಗೆ ಹೋಗಿಬರುತ್ತಿದ್ದ. ಸಮನ್ಸ್ ಜಾರಿ ಮಾಡಲು ಸೈಕಲ್ಲು ಬೇಕಾದವರು ಕಾಯಬೇಕಾಗುತ್ತಿತ್ತು.

ಇತ್ತ ಎರಡೂ ಹೋಟೆಲುಗಳಲ್ಲಿ ರುಬ್ಬುವುದು ನಿಂತಿತ್ತು. ಬೇರೆ ಕಲ್ಲು ಕೊಳ್ಳಬಹುದಿತ್ತು. ಆದರೆ ಕೊಂಡರೆ ಈ ಕಲ್ಲು ನಿಮಗೆ ಬೇಕಿಲ್ಲ ಎಂದಂತಾಗುತ್ತದೆ, ಕೇಸು ಸಡಿಲವಾಗುತ್ತದೆ ಎಂದು ಇಬ್ಬರು ವಕೀಲರೂ ಇಬ್ಬರಿಗೂ ಎಚ್ಚರಿಕೆ ಕೊಟ್ಟಿದ್ದರು. ವಿಚಾರಣೆ ಮುಗಿಯುವ ತನಕ ಕಲ್ಲನ್ನು ತಮ್ಮ ವಶಕ್ಕೆ ಕೊಡಿ ಎಂದು ಇಬ್ಬರೂ ಅರ್ಜಿ ಹಾಕಿದರು. ಒಬ್ಬನ ಅರ್ಜಿಗೆ ಇನ್ನೊಬ್ಬ ತಕರಾರು ತೆಗೆದ, ಎರಡೂ ಬಿದ್ದುಹೋದವು. ಕೊನೆಗೆ ಮಗ ತನ್ನ ಹೋಟೆಲಿನ ಮುಂದೆ ಮರಾಠಿಯಲ್ಲಿ ಬೋರ್ಡು ತೂಗಿಸಿದ: "ಇಡ್ಲಿ–ಡೋಸಾ ನ್ಯಾಯಪ್ರವಿಷ್ಟ." ವಿಷಯ ನ್ಯಾಯಾಲಯದ ಮುಂದಿದೆ ಎಂದು ಅರ್ಥ. ಮಾರನೆಯ ದಿನ ಅಳಿಯನೂ ಅಂಥದ್ದೇ ಬೋರ್ಡು ಬರೆಸಿದ.

ಆಗಾಗ ಅಲ್ಲಿ ಚಹಾ ಕುಡಿಯಲು ಹೋಗುತ್ತಿದ್ದ ನನಗೆ ಇಬ್ಬರ ಪರಿಚಯವೂ ಇತ್ತು. ಒಂದು ತಾರೀಖಿನ ದಿನ ನೋಡುತ್ತೇನೆ, ಆರೋಪಿಯಾದ ಅಳಿಯನೇ ಕಲ್ಲಿನ ಮುಂದೆ ಕಣ್ಣುಮುಚ್ಚಿ ನಿಂತಿದ್ದಾನೆ.

"ಏನ್ರಿ ಇದು? ನೀವಽ ಇದರ ಮ್ಯಾಲೆ ಉದ್ದು ರುಬ್ಬಿದವರು!" ಎಂದೆ.

"ಗೊತ್ತುಂಟ್ ಮಾರಾಯ್ರೆ," ಎಂದ ಅವನು ತಗ್ಗಿದ ದನಿಯಲ್ಲಿ. "ಆದ್ರೂ ಭಾವ ಬೆಳಿಗ್ಗೆಯೇ ಬಂದ್ ಕೈಮುಗ್ದ್ ಹೋಯ್ದ. ನಾ ಬಿಟ್ರೆ ಹ್ಯಾಂಗೆ?"

ವಿಚಾರಣೆ ಶುರುವಾದಾಗ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು. ಕಲ್ಲು ಯಾರದು? ಅದನ್ನು ಹೇಳಬಲ್ಲವರು ಮಗನ ತಾಯಿ, ಅಳಿಯನ ಅತ್ತೆ. ಆಕೆ ಔರಂಗಾಬಾದಿನಲ್ಲಿ ಕಿರಿಯ ಮಗಳ ಮನೆಯಲ್ಲಿದ್ದರು. ತಾಯಿಗೆ ಮೊಣಕಾಲು ನೋವು, ಪ್ರಯಾಣ ಮಾಡಲಾರರು ಎಂದು ಮಗ ಡಾಕ್ಟರರ ಚೀಟಿ ತಂದ. ಸಾಕ್ಷಿ ಬರಲಾಗದಿದ್ದರೆ ಅವರಿರುವ ಊರಿನ ಕೋರ್ಟಿಗೇ ಬರೆದು ಹೇಳಿಕೆ ಪಡೆಯುವ ಪದ್ಧತಿಯಿದೆ. ಹಾಗೆ ಬರೆದದ್ದಕ್ಕೆ ಅಲ್ಲಿಂದ ಉತ್ತರ ಬಂತು: ಸಾಕ್ಷಿಗೆ ಕನ್ನಡ ಮಾತ್ರ ಬರುತ್ತದೆ, ನಮ್ಮಲ್ಲಿ ದುಭಾಷಿ ಇಲ್ಲ. ಸಾಹೇಬರು ನನ್ನ ಕಡೆ ನೋಡಿದರು. ನನಗೆ ಎದೆಯುಬ್ಬಿತು.

ನಾಸಿಕ ರೋಡಿನಿಂದ ಮನ್ಮಾಡಿಗೆ ದೊಡ್ಡ ರೈಲು, ಅಲ್ಲಿಂದ ಔರಂಗಾಬಾದಿಗೆ ಸಣ್ಣ ರೈಲು. ಅಲ್ಲಿಯ ಕೋರ್ಟಿಗೆ ಇನ್ನೂ ನಿಜಾಮರ ಕಾಲದ ಮಾತು ಅಂಟಿಕೊಂಡಿತ್ತು. ವಕೀಲರು ಮರಾಠಿಯಲ್ಲಿ ಶುರುಮಾಡಿ ಸಿಟ್ಟು ಬಂದರೆ ಉರ್ದುವಿಗೆ ಹೋಗುತ್ತಿದ್ದರು. ಮುದುಕಿ ಕಟಕಟೆಗೆ ಬಂದರು. ಒಂಬತ್ತು ಗಜದ ಹತ್ತಿ ಸೀರೆ, ಬೆಳ್ಳಗಿನ ಸಣ್ಣ ತುರುಬು, ಯಾರಿಗೂ ಹೆದರದ ಕಣ್ಣು.

"ಅಮ್ಮಾರೆ, ಆ ಕಲ್ಲಿನ ಬಗ್ಗೆ ನಿಮಗೇನು ಗೊತ್ತದ, ಹೇಳ್ರಿ," ಎಂದೆ.

ಆಕೆ ನನ್ನನ್ನೇ ದಿಟ್ಟಿಸಿದರು. "ಹ್ವಾಯ್, ನೀವ್ ಎಂತ ಭಾಷೆ ಮಾತಾಡೂದ್?"

"ಕನ್ನಡರಿ."

"ಇದ್ ಕನ್ನಡವಾ? ಆಯ್ತ್, ಇರ್ಲಿ. ಅದ್ ನಮ್ಮತ್ತೆ ಕೊಟ್ಟದ್, ಉದ್ದ್ ಕಡೂ ಕಲ್ಲ್."

ನಮ್ಮ ಕಡೆ ಕಡೆಯುವುದು ಎಂದರೆ ಮೊಸರು ಕಡೆದು ಬೆಣ್ಣೆ ತೆಗೆಯುವುದು. ಕರಾವಳಿಯಲ್ಲಿ ರುಬ್ಬುವುದಕ್ಕೂ ಅದೇ ಮಾತು ಎಂದು ನನಗೇನು ಗೊತ್ತು? ಸಾಕ್ಷಿಯು ಇದನ್ನು ಉದ್ದು ಮಥಿಸುವ ಕಲ್ಲು ಎನ್ನುತ್ತಾರೆ ಎಂದು ಗಂಭೀರವಾಗಿ ಮರಾಠಿಯಲ್ಲಿ ಹೇಳಿದೆ. ಅಲ್ಲಿಯ ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿದರು.

"ಉದ್ದನ್ನ ಮಥಿಸಿದ್ರೆ ಏನು ಬರ್ತದೆ?"

ನಾನು ಮುದುಕಿಯನ್ನು ಕೇಳಿದೆ. "ಎಂತ ಬತ್ತ್? ಹಿಟ್ಟ್ ಬತ್ತ್!" ಎಂದರು.

ಹಿಟ್ಟು ಎಂದರೆ ನನಗೆ ಒಣಹಿಟ್ಟು. ಅದನ್ನೂ ಹಾಗೇ ಹೇಳಿದೆ. ಉದ್ದನ್ನು ಕಲ್ಲಿನಲ್ಲಿ ಕಡೆದು ಒಣಹಿಟ್ಟು ತೆಗೆಯುವ ಈ ಕ್ರಿಯೆಯ ಬಗ್ಗೆ ಕೋರ್ಟಿನಲ್ಲಿ ಸ್ವಲ್ಪ ಹೊತ್ತು ಚರ್ಚೆಯಾಯಿತು. ಮುದುಕಿ ತಾಳ್ಮೆಗೆಟ್ಟು, ಬಲಗೈ ಮುಷ್ಟಿ ಹಿಡಿದು ಕಟಕಟೆಯ ಮೇಲೆ ಗರಗರ ತಿರುಗಿಸಿ ತೋರಿಸಿದಾಗಲೇ ನನ್ನ ತಲೆಗೆ ಹೊಕ್ಕಿದ್ದು. ತಿದ್ದಿ ಹೇಳಿದೆ. ಒಮ್ಮೆ ಬರೆದದ್ದನ್ನು ಹೊಡೆದುಹಾಕುವಂತಿಲ್ಲ ಎಂದು "ಮಥಿಸುವ, ಅರ್ಥಾತ್ ರುಬ್ಬುವ" ಎಂದು ಸೇರಿಸಿದರು.

ಆಮೇಲೆ ಗುರುತು ಹಿಡಿಸಬೇಕಾಯಿತು. ಕಲ್ಲು ನಾಸಿಕದಲ್ಲಿ. ಅದರ ಬದಲು ಪೊಲೀಸರು ಪೆನ್ಸಿಲಿನಲ್ಲಿ ಬರೆದ ಒಂದು ಚಿತ್ರವನ್ನು ನನ್ನ ಕೈಲಿ ಕಳಿಸಿದ್ದರು. ಮುದುಕಿ ಅದನ್ನು ಓರೆ ಮಾಡಿ, ತಲೆಕೆಳಗು ಮಾಡಿ ನೋಡಿದರು.

"ಇದೆಂತದ್? ಸನ್ಯಾಸಿ ಕಮಂಡಲವಾ?"

"ನಿಮ್ಮ ಕಲ್ಲರಿ ಅಮ್ಮಾರೆ."

"ಕಲ್ಲ್ ಕಾಣ್ದೆ ನಾ ಹ್ಯಾಂಗ್ ಹೇಳೂದ್? ನಾಸಿಕಕ್ಕೆ ನಾನೇ ಬತ್ತೆ."

"ನಿಮಗ ನಡೀಲಿಕ್ಕೆ ಬರಂಗಿಲ್ಲಂತ ಡಾಕ್ಟರ್ ಚೀಟಿ ಅದರಿ."

"ಯಾರ್ ಹೇಳದ್? ಮಗನಾ? ಅವ ಸಿಕ್ಲಿ!"

ಮುಂದಿನ ತಾರೀಖಿಗೆ ಆಕೆ ನಾಸಿಕದಲ್ಲಿದ್ದರು. ಕಂಕುಳಲ್ಲಿ ಒಂದು ಒದ್ದೆ ಬಟ್ಟೆಯ ಗಂಟು. ಅದೇನೆಂದು ಯಾರೂ ಕೇಳಲಿಲ್ಲ. ಮಗ ಒಂದು ಕಂಬದ ಹಿಂದೆ, ಅಳಿಯ ಇನ್ನೊಂದು ಕಂಬದ ಹಿಂದೆ ನಿಂತಿದ್ದರು. ಕಲ್ಲು ಒಳಗೆ ಬರುವಂತಿಲ್ಲವಾದ್ದರಿಂದ ಕೋರ್ಟೇ ಹೊರಗೆ ಬಂತು. ಪಟ್ಟೇವಾಲಾ ಸಾಹೇಬರ ಕುರ್ಚಿ ಹೊತ್ತು ತಂದ, ಟೈಪಿಸ್ಟು ಮಡಕೆಯ ಕಟ್ಟೆಯ ಮೇಲೆ ಯಂತ್ರ ಇಟ್ಟುಕೊಂಡ, ವಕೀಲರು ಚಪ್ಪಲಿ ಕಳಚಿದರು. ಚಪ್ಪಲಿ ಯಾಕೆ ಕಳಚಿದಿರಿ ಎಂದು ಸಾಹೇಬರು ಕೇಳಿದ್ದಕ್ಕೆ ಸರಕಾರಿ ವಕೀಲರು "ಸೆಕೆ" ಎಂದರು.

ಮುದುಕಿ ಕಲ್ಲನ್ನು ನೋಡಿ ಗಲ್ಲದ ಮೇಲೆ ಕೈಯಿಟ್ಟರು. ಕುಂಕುಮ, ಭಸ್ಮ, ಬತ್ತಿದ ಬಿಲ್ವ, ಮೇಲಿಂದ ಹನಿ.

ಅಳಿಯನ ವಕೀಲರು ಎದ್ದು ವಾದ ಹೂಡಿದರು. ಕಳವಾದದ್ದು ರುಬ್ಬುವ ಕಲ್ಲೆಂದು ಫಿರ್ಯಾದಿ. ಮಥಿಸುವ ಕಲ್ಲೆಂದು ಔರಂಗಾಬಾದಿನ ಹೇಳಿಕೆ. ಈಗ ಕೋರ್ಟಿನ ಮುಂದಿರುವುದು, ಇಡೀ ಜಿಲ್ಲೆಯೇ ಬಲ್ಲಂತೆ, ಮಹಾದೇವನ ಪಿಂಡಿ, ಅಂದರೆ ಲಿಂಗ. ಮೂರೂ ಒಂದೇ ವಸ್ತುವೆಂದು ಹೇಗೆ ನಂಬುವುದು? ಸೇರಿದ್ದ ಜನ ಹೌದು ಹೌದು ಎಂದು ತಲೆದೂಗಿದರು.

ನಾನು ಇದನ್ನು ಮುದುಕಿಗೆ ನನ್ನ ಕನ್ನಡದಲ್ಲಿ ತಿಳಿಸಿದೆ. ಈ ಸಲ ಪೂರ್ತಿ ಅರ್ಥವಾಯಿತೆಂದು ಕಾಣುತ್ತದೆ. "ಮುದ್ರೆ ತೆಗೀರಿ," ಎಂದರು. ನಾನು ಸಾಹೇಬರ ಮುಖ ನೋಡಿದೆ. ಅವರು ಹೂಂ ಎಂದರು. ಅರಗು ಒಡೆದೆ, ಬೀಗ ತೆಗೆದೆ. ಮುದುಕಿ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಗುಂಡನ್ನು ತಬ್ಬಿ ಕುಳಿಯಿಂದ ಎತ್ತಿಬಿಟ್ಟರು.

ಜನರಲ್ಲಿ ಹಾಹಾಕಾರವೆದ್ದಿತು. ಒಬ್ಬಳು ಹೆಂಗಸು ಅಳತೊಡಗಿದಳು. "ಪಿಂಡಿ ಕಿತ್ತರು!" ಎಂದು ಯಾರೋ ಕೂಗಿದರು. ಮುದುಕಿ ಅದೇ ಮಡಕೆಯ ನೀರು ಬಗ್ಗಿಸಿ ಕಲ್ಲನ್ನು ಉಜ್ಜಿ ಉಜ್ಜಿ ತೊಳೆದರು. ಕುಳಿಯೊಳಗೆ ಅಂಗೈ ಆಡಿಸಿ ನೋಡಿ "ಇದೇ," ಎಂದರು. ಆಮೇಲೆ ಗಂಟು ಬಿಚ್ಚಿದರು. ಒಳಗೆ ನೆನೆಸಿದ ಉದ್ದಿನಬೇಳೆ. ಇಷ್ಟು ತಿಂಗಳು ಸುಮ್ಮನೆ ಬಿದ್ದ ಕಲ್ಲಿಗೆ ಇನ್ನೂ ಕಚ್ಚು ಉಂಟೋ ಇಲ್ಲವೋ ನೋಡಲೆಂದು ತಂದದ್ದಂತೆ.

ವರಾಂಡದ ನೆಲದ ಮೇಲೆ ಕೂತು ಆಕೆ ರುಬ್ಬತೊಡಗಿದರು. ಮೊಣಕಾಲು ನೋವಿನ ಚೀಟಿ ಕಡತದಲ್ಲೇ ಇತ್ತು. ಮೊದಲು ಗರಗರ, ಆಮೇಲೆ ಚಪ್ ಚಪ್. ಹಿಟ್ಟು ಬೆಳ್ಳಗೆ ಉಬ್ಬಿ ಕುಳಿಯ ಅಂಚಿಗೆ ಬಂತು. ಟೈಪಿಸ್ಟು ಸಾಹೇಬರನ್ನೇ ನೋಡುತ್ತಿದ್ದ. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: "ಬರಕೊಳ್ಳಿ. ಸಾಕ್ಷಿಯು ನ್ಯಾಯಾಲಯದ ಸಮಕ್ಷಮ ಉದ್ದು ರುಬ್ಬಿದರು."

ಅಳುತ್ತಿದ್ದ ಹೆಂಗಸು ಮೊದಲು ಮುಂದೆ ಬಂದು ಅಂಗೈ ಚಾಚಿದಳು. ಮುದುಕಿ ಏನೆಂದು ತಿಳಿಯದೆ ಒಂದು ಬೆರಳು ಹಿಟ್ಟು ಹಾಕಿದರು. ಆಕೆ ಕಣ್ಣಿಗೊತ್ತಿಕೊಂಡು ನೆಕ್ಕಿದಳು. ಅಷ್ಟೇ, ಸಾಲು ಬೆಳೆಯಿತು. ಕಕ್ಷಿದಾರರು, ಬೇಡಿ ಹಾಕಿದ ಒಬ್ಬ ಆರೋಪಿ, ಅವನ ಪೊಲೀಸ, ಇಬ್ಬರು ವಕೀಲರು, ಎಲ್ಲರೂ ಹಸಿ ಉದ್ದಿನ ಹಿಟ್ಟಿನ ಪ್ರಸಾದ ತೆಗೆದುಕೊಂಡರು. ನಾಜರ್ ಸಾಹೇಬರು ನನ್ನ ಕಿವಿಯಲ್ಲಿ, "ಹಿಟ್ಟು ಮುದ್ದೇಮಾಲು ಹೌದೋ ಅಲ್ಲೋ?" ಎಂದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಟ್ಟೇ ಮುಗಿಯಿತು.

ಸಾಹೇಬರು ಕೊನೆಯ ಪ್ರಶ್ನೆ ಕೇಳಿಸಿದರು. "ಈ ಕಲ್ಲನ್ನು ನೀವು ಇವರಿಬ್ಬರಲ್ಲಿ ಯಾರಿಗೆ ಕೊಟ್ಟಿರಿ?"

"ಯಾರಿಗೂ ಕೊಡ್ಲಿಲ್ಲ. ಮಗಳ್ ಅಡುಗೆಗೆ ಇರ್ಲಿ ಅಂದೇಳಿ ಬಿಟ್ಟ್ ಬಂದದ್. ಕಲ್ಲ್ ನಂದ್."

"ಹಾಗಾದರೆ ಕಳ್ಳ ಯಾರು?"

ಮುದುಕಿ ಎರಡು ಕಂಬಗಳ ಕಡೆಗೂ ನೋಡಿದರು. "ಕಳ್ಳರಲ್ಲ. ಇಬ್ರೂ ದಡ್ಡರ್."

ನಾನು ಅನುವಾದಿಸಿದೆ. ಈ ಶಬ್ದಕ್ಕೆ ಯಾವ ಗೊಂದಲವೂ ಆಗಲಿಲ್ಲ. ಸಾಹೇಬರು ತಲೆಯಾಡಿಸಿ, "ದಡ್ಡತನ ಯಾವ ಕಲಮಿನಲ್ಲೂ ಬರುವುದಿಲ್ಲ," ಎಂದು ಕುರ್ಚಿಯಿಂದ ಎದ್ದರು.

ಅಳಿಯ ನಿರ್ದೋಷಿಯಾದ. ಅಪೀಲಿನ ಗಡುವು ಮುಗಿದ ಮೇಲೆ ಕಲ್ಲನ್ನು ಮುದುಕಿಗೆ ಒಪ್ಪಿಸಬೇಕೆಂದು ಆದೇಶವಾಯಿತು. ಮಗ ಮಾತ್ರ ಮೇಲಿನ ಕೋರ್ಟಿಗೆ ಹೋಗುವ ಹುಮ್ಮಸ್ಸಿನಲ್ಲಿದ್ದ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಕೇಳಿದ: "ಹ್ವಾಯ್, ಅಪೀಲ್ ಹಾಕ್ರೆ ಅಮ್ಮಂಗೂ ನೋಟೀಸ್ ಹೋತ್ತಾ?"

"ಹೋಗ್ತದರಿ. ಕಲ್ಲು ಈಗ ಅವರದು ಅಂತ ಆಗೇದಲ್ಲ. ಮತ್ತ ಬರಬೇಕಾಗ್ತದ ಅವರಿಗೆ."

ಅವನು ಉಗುರು ಕಚ್ಚಿದ. "ಹಂಗಾರೆ ಬೇಡ," ಎಂದು ಹೋಗಿಬಿಟ್ಟ.

ಮುದುಕಿ ಕಲ್ಲನ್ನು ಔರಂಗಾಬಾದಿಗೇ ಒಯ್ಯುತ್ತೇನೆಂದು ಹಟ ಹಿಡಿದರು. ನಾನೂ ಅಪ್ಪನನ್ನು ನೋಡಲು ಹೋಗುವವನಿದ್ದೆ. ಒಪ್ಪಿಸಿದ ರಸೀದಿಗೆ ಅಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ ಎಂದು ನಾಜರ್ ಸಾಹೇಬರು ನನ್ನನ್ನೇ ಜೊತೆಗೆ ಕಳಿಸಿದರು. ಮನ್ಮಾಡಿನಲ್ಲಿ ದೊಡ್ಡ ರೈಲಿನಿಂದ ಸಣ್ಣ ರೈಲಿಗೆ ಕಲ್ಲನ್ನು ದಾಟಿಸಬೇಕಿತ್ತು. ಕೋರ್ಟಿನ ಮಹಾದೇವನ ಸುದ್ದಿ ಅಲ್ಲಿಯ ಹಮಾಲರಿಗೂ ಮುಟ್ಟಿತ್ತು. ದೇವರನ್ನು ತಲೆಯ ಸಿಂಬಿಯ ಮೇಲೆ ಹೊರುವುದಿಲ್ಲ ಎಂದು ಅವರು ಹಿಂದೆ ಸರಿದರು. ಮುದುಕಿಯನ್ನು ಮುಟ್ಟಿಸಲೆಂದು ಜೊತೆಗೆ ಬಂದಿದ್ದ ಮಗನೂ ಅಳಿಯನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಹಿಡೀರಿ," ಎಂದರು ಮುದುಕಿ.

ಹಿಡಿದರು. ಒಬ್ಬ ಮುಂದೆ, ಒಬ್ಬ ಹಿಂದೆ. "ಮೆಲ್ಲ, ಭಾವ," ಎಂದ ಮಗ, ಬೇರೆ ದಾರಿಯಿಲ್ಲದೆ. "ಎಡಕ್ಕೆ, ಎಡಕ್ಕೆ," ಎಂದ ಅಳಿಯ. ಪ್ಲಾಟ್‌ಫಾರಂ ಉದ್ದಕ್ಕೂ ಜನ ದಾರಿ ಬಿಟ್ಟು ಕೈಮುಗಿದರು. ಮುದುಕಿ ಯಾರನ್ನೂ ತಿರುಗಿ ನೋಡದೆ ಮುಂದೆ ಮುಂದೆ ನಡೆದರು. ನಾನು ಗುಂಡನ್ನು ಚೀಲದಲ್ಲಿ ಎದೆಗವಚಿಕೊಂಡು ಹಿಂದೆ ನಡೆದೆ.

ಔರಂಗಾಬಾದಿನ ಮನೆಯ ಹಿತ್ತಲಲ್ಲಿ ಕಲ್ಲು ಇಳಿದ ಮೇಲೆ ರಸೀದಿ ತೆಗೆದು ಓದಿದೆ: "ಮುದ್ದೇಮಾಲು ಸುಸ್ಥಿತಿಯಲ್ಲಿ ತಲುಪಿದೆ."

"ಎಂತ ಸುಸ್ಥಿತಿ? ಕುಂಕುಮ ಎಲ್ಲ ತೂತಿಗೆ ಕೂತ್ಕಂಡಿತ್. ಹುಣ್ಸಿಹಣ್ಣ್ ಹಾಕಿ ಉಜ್ಜೂಕಿತ್. ಹಾಂಗೇ ಬರೀರಿ."

ಹಾಗೇ ಬರೆದೆ. ಹೆಬ್ಬೆಟ್ಟು ಒತ್ತಿ, "ನಾಳೆ ತಿಂಡಿಗ್ ಬನ್ನಿ. ನಿಮ್ ಅಪ್ಪಯ್ಯನ್ನೂ ಕರ್ಕಂಡ್ ಬನ್ನಿ," ಎಂದರು. ಹೋದೆವು. ಮಗ, ಅಳಿಯ ಇಬ್ಬರೂ ಮಣೆಗಳ ಒಂದೇ ಸಾಲಿನಲ್ಲಿ ಕೂತು ದೋಸೆ ತಿನ್ನುತ್ತಿದ್ದರು. ಸಾಂಬಾರು ಎರಡು ಪಾತ್ರೆಗಳಲ್ಲಿತ್ತು.